ಎಫ್1 ಕಡಿ ಹೋಗೋ ಪಾವಟಿಗಿ: ಯಾವ ಸರಣಿ ಮ್ಯಾಲ, ಯಾವುದು ಕೆಳಗ?

ಸೇಡಂ ರೋಡ್ (ಕಲಬುರಗಿ) ಕೇಳ್ಯಾರ:

ಎಲ್ಲಾರಿಗೂ ನಮಸ್ಕಾರ್ರಿ. ಕಾಲೇಜಿನ ಮೋಟರ್‌ಸ್ಪೋರ್ಟ್ ಕ್ಲಬ್ಬಿನ ಗ್ವಾಡಿಗಿ ಹಚ್ಚಲಿಕ್ಕೆ ಒಂದು ಪಟ್ಟಿ ತಯಾರಾಗ್ಯದ. ಎಫ್1ಕ್ಕ (ಫಾರ್ಮುಲಾ 1 ಕಾರ್ ರೇಸಿಗೆ) ಹೋಗೋ ದಾರಿಯೊಳಗಿನ ಸಿಂಗಲ್ ಸೀಟರ್ (ಒಬ್ಬರೇ ಕೂಡೋ ಕಾರಿನ) ಸರಣಿಗಳನ್ನ ಮ್ಯಾಲಿಂದ ಕೆಳಗ ಹಿಂಗ ಇಟ್ಟೀವಿ:

ಎಫ್2, ಸೂಪರ್ ಫಾರ್ಮುಲಾ, ಎಫ್3, ಇಂಡಿ ಎನ್‌ಎಕ್ಸ್‌ಟಿ, ಫಾರ್ಮುಲಾ ರೀಜನಲ್ ಯುರೋಪಿಯನ್, ಜಿಬಿ3, ಆಮ್ಯಾಲ ಎಲ್ಲಾ ದೇಶದ ಎಫ್4 ಸೇರಿ ಒಂದೇ ಸಾಲು.

ಲೆಕ್ಕ ಹಿಡಿದದ್ದು ಎರಡರ ಮ್ಯಾಲ: ಎಂಜಿನ್ ತಾಕತ್ತು ಮತ್ತ ಸೂಪರ್ ಲೈಸೆನ್ಸ್ (ಎಫ್1 ಓಡಸಲಿಕ್ಕೆ ಬೇಕಾದ ಪರವಾನಗಿ) ಅಂಕ. ಇಬ್ಬರು ಹುಡುಗರು ಇದಕ್ಕ ಒಪ್ಪವಲ್ಲರು. ನನ್ನ ಸಂಶಯನೂ ಎರಡು ಅವ.

ಒಂದು, ಯಾವ ದೇಶದ ಎಫ್4 ಗೆದ್ದರೂ ಚಾಂಪಿಯನ್‌ಗ 12 ಅಂಕ ಅಂದಮ್ಯಾಲ ಇಂಡಿಯನ್ ಎಫ್4, ಇಟಲಿ ಎಫ್4 ಸಮ ಅಲ್ಲೇನ್ರಿ? ಎರಡು, ನಮ್ಮ ಭಾಗದಾಗ 13 ವರ್ಷದ ಹುಡುಗ ಒಬ್ಬ ರೋಟಾಕ್ಸ್ ಎಂಜಿನ್ನಿನ ಕಾರ್ಟ್ (ಸಣ್ಣ ರೇಸ್ ಗಾಡಿ) ಓಡಸ್ತಾನಂತ ತಿಳೀರಿ. ಅಂವನ ಮೊದಲ ರೊಕ್ಕ ಯಾವ ಪಾವಟಿಗಿಗಿ ಹಾಕಬೇಕು? ತಿಳಿದವರು ಜರಾ ಬಿಡಿಸಿ ಹೇಳ್ರಿ.

ಬಿದ್ರಿ ಹೂಜಿ (ಬೀದರ್):

ಪಟ್ಟಿ ಅರ್ಧ ಖರೆ ಅದ. ತಪ್ಪಿರೋದು ಅಳತಿಯೊಳಗ. ಮೂಲಿ ವೇಗದ ಮ್ಯಾಲ ಹಚ್ಚಿದ್ರ ಜಪಾನಿನ ಸೂಪರ್ ಫಾರ್ಮುಲಾ ಮ್ಯಾಲೇ ಬರಬೇಕು, ಅದರ ಕಾರು ಮೂಲಿಯೊಳಗ ಎಫ್1 ಬಿಟ್ರ ಭಾಳ ಜೋರು. ಆದ್ರ ಅದು ಜೂನಿಯರ್ ಸರಣಿನೇ ಅಲ್ಲ. ಅಲ್ಲಿ ಎಂಟು ಹತ್ತು ವರ್ಷದಿಂದ ಅದೇ ಟ್ರ್ಯಾಕು, ಅದೇ ಟೈರಿನ ಮ್ಯಾಲ ಓಡಸೋ ಜಪಾನಿನ ಪಗಾರದ ಡ್ರೈವರ್‌ಗಳಿರ್ತಾರ. 20 ವರ್ಷದ ಹುಡುಗ ಹೋಗಿ ಐದನೇದವ ಆದ್ರೂ ಅದು ಛಲೋ ಫಲಿತಾಂಶನೇ. ಪಿಯರ್ ಗ್ಯಾಸ್ಲಿ 2017ರಾಗ ಅಲ್ಲಿ ಬರೇ ಅರ್ಧ ಅಂಕಕ್ಕ ಚಾಂಪಿಯನ್ ಪಟ್ಟ ಕಳಕೊಂಡ. ಸುಜುಕಾದ ಕಡಿ ಸುತ್ತು ಚಂಡಮಾರುತಕ್ಕ ರದ್ದಾಯ್ತು. ಲಿಯಾಮ್ ಲಾಸನ್ 2023ರಾಗ ಎರಡನೇದವ. ಇಬ್ಬರೂ ಎಫ್1 ತಂಡ ರೆಡ್ ಬುಲ್ ಕಳಿಸಿದವರು, ಎಫ್2 (ಗ್ಯಾಸ್ಲಿ ಕಾಲಕ್ಕ ಅದರ ಹೆಸರು ಜಿಪಿ2) ಮುಗಿಸಿ ಹೋದವರು. ಹಂಗಾಗಿ ಅದನ್ನ ಏಣಿಯೊಳಗ ಬ್ಯಾಡ, ಏಣಿ ಬಾಜೂಕ ಇಡ್ರಿ.

ಇಂಡಿ ಎನ್‌ಎಕ್ಸ್‌ಟಿ ಸುದ್ದಿನೂ ಹಂಗೇ. ಅದು ಅಮೆರಿಕಾದ ದೊಡ್ಡ ಸರಣಿ ಇಂಡಿಕಾರಿಗೆ ಹೋಗೋ ಏಣಿ: ಯುಎಸ್‌ಎಫ್2000, ಯುಎಸ್‌ಎಫ್ ಪ್ರೊ 2000, ಇಂಡಿ ಎನ್‌ಎಕ್ಸ್‌ಟಿ. ಅಲ್ಲಿ ಗೆದ್ದವಗ ಅಮೆರಿಕಾದಾಗ ಬೆಲಿ ಅದ, ಎಫ್1 ತಂಡದವರು ಅದನ್ನ ನೋಡಿ ಸೀಟು ಕೊಡೋದು ಭಾಳ ಕಮ್ಮಿ. ಇಂಡಿಕಾರ್‌ನ್ಯಾಗ ರೇಸ್ ಗೆದ್ದ ಕೋಲ್ಟನ್ ಹರ್ಟಾನ್ನ 2022ರಾಗ ರೆಡ್ ಬುಲ್‌ನವರು ತಮ್ಮ ಎರಡನೇ ಎಫ್1 ತಂಡ ಆಲ್ಫಾ ಟೌರಿಗೆ ತರಬೇಕಂದ್ರೂ, ಅಂವನ ಹತ್ರ ಇದ್ದದ್ದು 32 ಅಂಕ. 40 ಆಗಲಿಲ್ಲ, ಎಫ್ಐಎ (ಜಗತ್ತಿನ ಮೋಟರ್‌ಸ್ಪೋರ್ಟ್ ನಿಯಂತ್ರಣ ಸಂಸ್ಥೆ) ಒಪ್ಪಲಿಲ್ಲ.

ಈಗ ಅಂಕದ ಲೆಕ್ಕ. ಮೂರು ಸೀಸನ್ ಕೂಡಿಸಿ 40 ಅಂಕ ಬೇಕು. ಎಫ್2ರಾಗ ಮೊದಲ ಮೂವರಿಗೂ ತಲಾ 40, ನಾಕನೇದವಗ 30, ಐದನೇದವಗ 20. ಎಫ್3ರಾಗ 30, 25, 20, 15, 12. ರೀಜನಲ್ ಯುರೋಪಿಯನ್‌ನ್ಯಾಗ 25, 20, 15, 10, 7. ಎಫ್4ರಾಗ 12, 10, 7, 5, 3, 2, 1. ಇದನ್ನ ಓದೋ ರೀತಿ ಹಿಂಗ: ಎಫ್3 ಚಾಂಪಿಯನ್ ಒಂದೇ ಪಟ್ಟದಿಂದ ಎಫ್1ಕ್ಕ ಹೋಗಂಗಿಲ್ಲ, 30 ಅಷ್ಟೇ. ಆದ್ರ ಹಿಂದಿನ ವರ್ಷ ರೀಜನಲ್‌ನ್ಯಾಗ ಮೂರನೇದವ ಆಗಿದ್ರ 15 ಕೂಡಿ 45 ಆಯ್ತು. ಇನ್ನ ಎಫ್3ರಾಗ ಐದನೇ ಸ್ಥಾನ (12), ಮುಂದಿನ ವರ್ಷ ಎಫ್2ರಾಗ ನಾಕನೇ ಸ್ಥಾನ (30), ಕೂಡಿ 42. ಪಟ್ಟ ಒಂದೂ ಇಲ್ಲದ ಬಾಗಿಲು ತೆರೀತು. ಇದರ ಜೋಡಿ ಸಣ್ಣ ಚಿಲ್ಲರ ಅದ: ಇಡೀ ಸೀಸನ್ ಪೆನಾಲ್ಟಿ ಅಂಕ ಒಂದೂ ತಗೊಳ್ಳದವಗ 2 ಅಂಕ. ಎಫ್1 ಪ್ರಾಕ್ಟೀಸ್ ಸೆಷನ್ನಿನ್ಯಾಗ 100 ಕಿ.ಮೀ. ಓಡಿಸಿದ್ರ ಸೆಷನ್ನಿಗೊಂದು ಅಂಕ, ಒಟ್ಟು 10ರ ತನಕ. 38ರಾಗ ಸಿಕ್ಕೊಂಡವಗ ಈ ಚಿಲ್ಲರನೇ ಜೀವ ಉಳಸ್ತದ.

ಅಂಕ ಅಂದ್ರ ಗೇಟ್ ಪಾಸ್, ಯೋಗ್ಯತಾ ಅಲ್ಲ. ಅದಕ್ಕ ನನ್ನ ಅಳತಿ ಮೂರು. ಒಂದು, ಗ್ರಿಡ್ (ರೇಸಿಗೆ ನಿಲ್ಲೋ ಕಾರಿನ ಸಾಲು) ಎಷ್ಟು ಗಟ್ಟಿ ಅದ, ಅಂದ್ರ ಹತ್ತನೇದವ ಬ್ಯಾರೆ ಸರಣಿಗೆ ಹೋದ್ರ ಗೆಲ್ತಾನೇನು. ಎರಡು, ಎಲ್ಲಾರ ಕಾರೂ ಒಂದೇ ಅದಾವೇನು. ಮೂರು, ಎಫ್1 ತಂಡದವರ ಕಣ್ಣು ಅಲ್ಲಿ ಅದ ಇಲ್ಲ. ಹಂಗ ನೋಡಿದ್ರ ಎಫ್2, ಎಫ್3, ರೀಜನಲ್ ಯುರೋಪಿಯನ್, ಇಟಲಿ ಎಫ್4. ಬೆನ್ನುಮೂಳಿ ಅಂದ್ರ ಈ ನಾಕೇ.

ಎಫ್3ರಾಗ 10 ತಂಡ, 30 ಕಾರು. ಶುಕ್ರವಾರ 45 ನಿಮಿಷ ಪ್ರಾಕ್ಟೀಸ್, ಆಮ್ಯಾಲ 30 ನಿಮಿಷ ಕ್ವಾಲಿಫೈಯಿಂಗ್ (ಯಾರು ಎಲ್ಲಿ ನಿಲ್ಲಬೇಕಂತ ಸುತ್ತಿನ ಟೈಮ್ ನೋಡಿ ತೀರ್ಮಾನಿಸೋದು), ಅಷ್ಟೇ. ಹೊಸ ಟೈರಿನ ಮ್ಯಾಲ ಒಳ್ಳೆ ಸುತ್ತು ಸಿಗೋದು ಒಂದೋ ಎರಡೋ. ಆ ಸುತ್ತಿನ್ಯಾಗೇ ಕೆಂಪು ಬಾವುಟ ಬಂದ್ರ, ಇಲ್ಲಾ ಟ್ರ್ಯಾಕಿನ ಗೆರಿ ದಾಟಿ ಸುತ್ತು ಅಳಿಸಿ ಹೋದ್ರ, ಸೆಕೆಂಡಿನ ಮೂರು ಹತ್ತಾಂಶಕ್ಕ 18ನೇ ಸ್ಥಾನ. ಅಲ್ಲಿಂದ ಮುಂದ ಬರೋದು ಕಷ್ಟ, ಯಾಕಂದ್ರ ರೇಸಿನ್ಯಾಗ ಪಿಟ್ ಸ್ಟಾಪ್ (ಟೈರ್ ಬದಲಸಲಿಕ್ಕೆ ನಿಲ್ಲೋದು) ಇಲ್ಲ. ಎಫ್2ರಾಗ 11 ತಂಡ, 22 ಕಾರು. ಎಂಜಿನ್ 3.4 ಲೀಟರ್ ಟರ್ಬೊ, 620 ಹಾರ್ಸ್‌ಪವರ್. ಎಫ್3ದೂ 3.4 ಲೀಟರೇ, ಆದ್ರ ಟರ್ಬೊ ಇಲ್ಲ, 380. ಈ ಫರಕ್ ಬರೇ ವೇಗದ್ದಲ್ಲ. ಟರ್ಬೊ ತಡಾ ಮಾಡಿ ಒಮ್ಮಿಗೇ ದೂಡ್ತದ. ಎಫ್3ರಾಗ ತುಳಿದಂಗ ಆಕ್ಸಲರೇಟರ್ ತುಳಿದ್ರ ಹಿಂದಿನ ಟೈರ್ ಕಾಯ್ದು ಆರೇಳು ಸುತ್ತಿನ್ಯಾಗ ಜಾರಲಿಕ್ಕೆ ಶುರು ಆಗ್ತಾವ. ಮ್ಯಾಲ ಎಫ್2 ಫೀಚರ್ ರೇಸಿನ್ಯಾಗ (ಭಾನುವಾರದ ದೊಡ್ಡ ರೇಸು) ಕಡ್ಡಾಯ ಪಿಟ್ ಸ್ಟಾಪ್ ಅದ, ಮೊದಲ 6 ಸುತ್ತಿನೊಳಗ ಮಾಡಿದ್ದು ಲೆಕ್ಕಕ್ಕಿಲ್ಲ. ಎಫ್3 ಮುಗಿಸಿ ಬಂದ ಹುಡುಗ ಕ್ವಾಲಿಫೈಯಿಂಗ್‌ನ್ಯಾಗ ಮುಂದಿದ್ದು ರೇಸಿನ್ಯಾಗ ಹಿಂದ ಬೀಳೋದು ಇದಕ್ಕೇ. ಟೈರ್ ಉಳಿಸೋದು ಕಲೀಲಿಕ್ಕೆ ಎಫ್2 ಬಿಟ್ರ ಬ್ಯಾರೆ ಸಾಲಿ ಇಲ್ಲ.

ಕೈಗೆ ಬೀಳೋ ಭಾರನೂ ಬರೀರಿ. ಎಫ್2, ಎಫ್3 ಎರಡರಾಗೂ ಪವರ್ ಸ್ಟೀರಿಂಗ್ ಇಲ್ಲ. ಎಫ್1ರಾಗ ಅದ. ಕುತ್ತಿಗಿ, ಭುಜ ತಯಾರಿಲ್ಲದ ಹುಡುಗ ಅರ್ಧ ರೇಸಿನ ಮ್ಯಾಲ ತಪ್ಪು ಮಾಡ್ತಾನ.

ಭೀಮಾತೀರ (ಯಾದಗಿರಿ):

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ, ಒಂದು ಸೇರ್ಪಡೆ.

ತಿದ್ದುಪಡಿ ಏನೆಂದರೆ, ಎಫ್3 ಅನ್ನು ದಾಟದೇ ಇರುವ ದಾರಿಯೂ ಇದೆ. ಆಂಡ್ರಿಯಾ ಕಿಮಿ ಆಂಟೊನೆಲ್ಲಿ 2022ರಲ್ಲಿ ಇಟಲಿ ಎಫ್4 ಮತ್ತು ಜರ್ಮನಿಯ ಎಡಿಎಸಿ ಎಫ್4 ಎರಡನ್ನೂ ಗೆದ್ದು, 2023ರಲ್ಲಿ ರೀಜನಲ್ ಮಿಡ್ಲ್ ಈಸ್ಟ್ ಮತ್ತು ರೀಜನಲ್ ಯುರೋಪಿಯನ್ ಗೆದ್ದು, ಎಫ್3 ಬಿಟ್ಟು ನೇರವಾಗಿ 2024ರಲ್ಲಿ ಎಫ್2ಗೆ ಹೋದರು. ಅಲ್ಲಿ ಆರನೆಯ ಸ್ಥಾನ, 2025ರಲ್ಲಿ ಮರ್ಸಿಡಿಸ್ ಸೀಟು. ಆದರೆ ಅವರ ಬೆನ್ನಿಗೆ ಮರ್ಸಿಡಿಸ್ ಇತ್ತು, ಹಳೆಯ ಎಫ್1 ಕಾರುಗಳಲ್ಲಿ ಟೆಸ್ಟ್ ಇತ್ತು. ಇದನ್ನು ತೋರಿಸಿ ಬೇರೆ ಹುಡುಗನನ್ನು ಎರಡು ಮೆಟ್ಟಿಲು ಹಾರಿಸಿದರೆ ಕಾಲು ಮುರಿಯುತ್ತದೆ. ವಯಸ್ಸಿನ ನಿಯಮವೂ ಹಾಗೇ ಬಂದದ್ದು. ಮ್ಯಾಕ್ಸ್ ವರ್ಸ್ಟಾಪನ್ ಒಂದೇ ವರ್ಷ ಎಫ್3 ಓಡಿಸಿ 2015ರಲ್ಲಿ 17ನೇ ವಯಸ್ಸಿಗೆ ಎಫ್1ಗೆ ಬಂದ ಮೇಲೆ 2016ರಿಂದ 18 ವರ್ಷ, 40 ಅಂಕ, ರಸ್ತೆಯ ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡ್ಡಾಯವಾದವು. 2024ರಿಂದ 17 ತುಂಬಿದವರಿಗೆ ಎಫ್ಐಎ ಒಪ್ಪಿದರೆ ವಿನಾಯಿತಿ ಉಂಟು.

ಈಗ ಎಫ್4. ಇವನ್ನು ಒಂದೇ ಸಾಲಿನಲ್ಲಿ ಇಟ್ಟದ್ದೇ ನಿಮ್ಮ ಪಟ್ಟಿಯ ದೊಡ್ಡ ತಪ್ಪು. 12 ಅಂಕ ಎಲ್ಲ ಕಡೆ ಒಂದೇ ಇರಬಹುದು. ಊರ ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡಗವೂ ಮೈಸೂರು ದಸರಾ ಕಣದಲ್ಲಿ ಗೆದ್ದ ಕಡಗವೂ ತೂಕದಲ್ಲಿ ಒಂದೇ ಇರಬಹುದು. ಯಾರನ್ನು ಕೆಡವಿ ಗೆದ್ದದ್ದು ಎಂದು ಪೈಲ್ವಾನರು ಕೇಳಿಯೇ ಕೇಳುತ್ತಾರೆ. (ಸ್ಪರ್ಧಿಗಳ ಸಂಖ್ಯೆ ತೀರಾ ಕಡಿಮೆಯಾದರೆ ಅಂಕಕ್ಕೇ ಕತ್ತರಿ ಬೀಳುವ ನಿಯಮವೂ ಇದೆ, ಅದನ್ನೂ ಪಟ್ಟಿಯ ಕೆಳಗೆ ಬರೆಯಿರಿ.)

ಇಟಲಿ ಎಫ್4 ಮೊದಲು. ಗ್ರಿಡ್‌ನಲ್ಲಿ 30ಕ್ಕೂ ಮೀರಿ ಕಾರು. ಕೆಲವು ವರ್ಷ ಒಂದೇ ರೇಸಿನಲ್ಲಿ ಹಿಡಿಸದೆ ಗುಂಪು ಮಾಡಿ ಓಡಿಸುತ್ತಾರೆ. ಎಫ್1 ತಂಡಗಳು ಬೆಳೆಸುತ್ತಿರುವ ಹುಡುಗರು ಹೆಚ್ಚಾಗಿ ಸೇರುವುದು ಅಲ್ಲೇ. ನಂತರ ಸ್ಪೇನ್ ಮತ್ತು ಬ್ರಿಟನ್. ಫ್ರಾನ್ಸ್‌ನದು ಬೇರೆ ಜಾತಿ: ಅಲ್ಲಿ ಖಾಸಗಿ ತಂಡಗಳೇ ಇಲ್ಲ, ಎಲ್ಲ ಕಾರನ್ನೂ ಅಲ್ಲಿನ ಫೆಡರೇಶನ್ನಿನ ಅಕಾಡೆಮಿಯೇ ನೋಡಿಕೊಳ್ಳುತ್ತದೆ. ಹಾಗಾಗಿ ಖರ್ಚು ಕಡಿಮೆ, ಗೆದ್ದರೆ ಅದು ಡ್ರೈವರ್‌ನದೇ ಗೆಲುವು ಎಂದು ನಂಬಬಹುದು. ಗ್ಯಾಸ್ಲಿ, ಹಜ್ಜಾರ್ ಅಂಥವರು ಅದೇ ವ್ಯವಸ್ಥೆಯಿಂದ ಬಂದವರು. ಕಾರಿನ ಮಟ್ಟಿಗೆ ಇಟಲಿ, ಸ್ಪೇನ್, ಬ್ರಿಟನ್, ಯುಎಇಗಳಲ್ಲಿ ಟಾಟುಸ್ ಟಿ-421, ಅಬಾರ್ಥ್ 1.4 ಲೀಟರ್ ಟರ್ಬೊ. ಫ್ರಾನ್ಸ್ ಮತ್ತು ಭಾರತದಲ್ಲಿ ಮಿಗಾಲ್ ಎಂ21. ಚಳಿಗಾಲದ ಯುಎಇ ಸರಣಿಯನ್ನು ಯಾರೂ ಪಟ್ಟಕ್ಕಾಗಿ ಓಡಿಸುವುದಿಲ್ಲ, ಕೆಲವೇ ವಾರಾಂತ್ಯದಲ್ಲಿ ಹೆಚ್ಚು ರೇಸ್ ಸಿಗುತ್ತದೆಂದು ಓಡಿಸುತ್ತಾರೆ. ಯುರೋಪ್ ಸೀಸನ್ನಿಗೆ ಅದೇ ಕಾರಿನಲ್ಲಿ ತಾಲೀಮು ಆದಂತೆ.

ಎಫ್1 ಅಕಾಡೆಮಿ ಹೆಸರಿನ ಮಹಿಳೆಯರ ಸರಣಿ ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಹೆಸರು ದೊಡ್ಡದಾದರೂ ಕಾರು ಎಫ್4ದೇ, ಟಿ-421. 2023ರಲ್ಲಿ ಶುರು. ಎಫ್4 ಸಾಲಿನಲ್ಲಿ ಸೇರಿಸಿ.

ಇಂಡಿಯನ್ ಎಫ್4 2023ರಲ್ಲಿ ಶುರುವಾದದ್ದು, ಮೊದಲ ಚಾಂಪಿಯನ್ ಆಸ್ಟ್ರೇಲಿಯಾದ ಕೂಪರ್ ವೆಬ್‌ಸ್ಟರ್. ಗ್ರಿಡ್ ಚಿಕ್ಕದು. ಟ್ರ್ಯಾಕ್‌ನ ಸಮಸ್ಯೆ ಅದಕ್ಕಿಂತ ದೊಡ್ಡದು. ಕೊಯಮತ್ತೂರಿನ ಕಾರಿ ಟ್ರ್ಯಾಕ್ ಬರೀ 2.1 ಕಿ.ಮೀ., ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನದು 3.7 ಕಿ.ಮೀ. ಯುರೋಪಿನ ಮೋಂಜಾ ಅಥವಾ ಸ್ಪಾ ಟ್ರ್ಯಾಕ್‌ಗಳಂಥ ಉದ್ದದ ನೇರ ರಸ್ತೆ, ಅದರ ತುದಿಯಲ್ಲಿ ಗಟ್ಟಿ ಬ್ರೇಕು, ಮುಂದಿನವನ ಗಾಳಿಯ ಹಿಂದೆ ಹೋಗುವುದು, ಇದೆಲ್ಲ ಇಲ್ಲಿ ಸಿಗುವುದು ಕಡಿಮೆ. ಸಿಗುವುದು ಏನೆಂದರೆ ಕಾರ್ಬನ್ ಕಾರಿನಲ್ಲಿ ಸ್ಲಿಕ್ (ಗೆರೆಯಿಲ್ಲದ ನುಣುಪು) ಟೈರಿನ ಕಿಲೋಮೀಟರ್, ರೇಸ್ ಸ್ಟಾರ್ಟ್‌ಗಳು, ಎಂಜಿನಿಯರ್ ಜೊತೆ ಡೇಟಾ ಓದುವ ಅಭ್ಯಾಸ. ಹಾಗಾಗಿ ನನ್ನ ಪಟ್ಟಿಯಲ್ಲಿ ಅದು ಎಫ್4 ಸಾಲಿನ ಕೆಳಗಿನ ಅರ್ಧದಲ್ಲಿ, ಆದರೆ ಕೆಲಸಕ್ಕೆ ಬಾರದ್ದಲ್ಲ.

ಹುಮನಾಬಾದ್ ನಾಕಾ:

ರೊಕ್ಕದ ಮಾತು ಯಾರೂ ತೆಗಿಯಲಿಲ್ಲ ನೋಡ್ರಿ. ಸಾಮಾನ್ಯವಾಗಿ ಹೇಳೋ ಅಂದಾಜು: ಇಟಲಿ ಎಫ್4 ಟೆಸ್ಟ್ ಹಿಡಿದು 4ರಿಂದ 6 ಕೋಟಿ ರೂಪಾಯಿ, ರೀಜನಲ್ ಯುರೋಪಿಯನ್ 8ರಿಂದ 10, ಎಫ್3 12ರಿಂದ 15, ಎಫ್2 20 ಕೋಟಿ ಮ್ಯಾಲ. ಒಂದು ಸೀಸನ್ನಿಂದು ಇದು. ಆಕ್ಸಿಡೆಂಟ್ ರಿಪೇರಿ ಬ್ಯಾರೆ, ಅದನ್ನ ಡ್ರೈವರ್ ಕಡಿಯವರೇ ಕೊಡಬೇಕು ಅಂತ ಬಹಳಷ್ಟು ಒಪ್ಪಂದದಾಗ ಇರ್ತದ. ಸಹಿ ಹಾಕೋಕಿಂತ ಮೊದಲು ಮೂರು ಕೇಳ್ರಿ: ಟೆಸ್ಟ್ ದಿನ ಎಷ್ಟು, ಹೊಸ ಟೈರ್ ಸೆಟ್ ಎಷ್ಟು, ಡ್ಯಾಮೇಜಿಗೆ ಮಿತಿ ಅದ ಇಲ್ಲ.

ಇನ್ನ ಎಫ್2 ಗೆದ್ರ ಎಫ್1 ಗ್ಯಾರಂಟಿ ಅಂತ ಗ್ವಾಡಿ ಮ್ಯಾಲ ಬರೀಬ್ಯಾಡ್ರಿ. 2022ರ ಚಾಂಪಿಯನ್ ಡ್ರುಗೊವಿಚ್, 2023ರ ಚಾಂಪಿಯನ್ ಪೂರ್ಶೇರ್, ಇಬ್ಬರಿಗೂ ಮುಂದಿನ ವರ್ಷ ಎಫ್1 ರೇಸ್ ಸೀಟು ಇಲ್ಲ. ಚಾಂಪಿಯನ್ ಆದವ ಮತ್ತ ಎಫ್2 ಓಡಿಸಂಗಿಲ್ಲ ಅಂತ ನಿಯಮ, ಅಂದ್ರ ಮ್ಯಾಲ ಜಾಗ ಇಲ್ಲ, ಕೆಳಗ ಇಳಿಯಂಗಿಲ್ಲ. ಪಿಯಾಸ್ಟ್ರಿ ಅಂಥವನೇ 2021ರಾಗ ಎಫ್2 ಗೆದ್ದು 2022 ಪೂರಾ ಬೆಂಚ್ ಮ್ಯಾಲ ಕುಂತ.

ಸೇಡಂ ರೋಡ್ (ಕಲಬುರಗಿ):

ಎಲ್ಲಾರಿಗೂ ಶರಣು. ಪಟ್ಟಿ ಹರಿದು ಹೊಸಾದು ಬರೀತೀವಿ. ಒಂದು ಕೇಳ್ತೀನಿ: ಒಬ್ಬ ಡ್ರೈವರ್‌ನ ಫಲಿತಾಂಶ ನೋಡಿ ಅಂವ ಖರೇನೇ ತಯಾರದಾನ ಇಲ್ಲ ಅಂತ ತಿಳಿಯೋದು ಹ್ಯಾಂಗ? ಭಾರತದವರ ಉದಾಹರಣಿ ಇದ್ರ ಛಲೋ. ಮತ್ತ ಆ 13 ವರ್ಷದ ಹುಡುಗನ ಉತ್ತರ ಬಾಕಿ ಅದ.

ಬಿದ್ರಿ ಹೂಜಿ (ಬೀದರ್):

ಗೆಲುವು ಎಣಿಸಬ್ಯಾಡ್ರಿ, ಯಾವ ರೇಸಿನ ಗೆಲುವು ಅಂತ ನೋಡ್ರಿ. ಎಫ್2ರಾಗ ಶನಿವಾರದ ಸ್ಪ್ರಿಂಟ್‌ಗ (ಸಣ್ಣ ರೇಸಿಗೆ) ಕ್ವಾಲಿಫೈಯಿಂಗ್‌ನ ಮೊದಲ 10 ಮಂದಿನ್ನ ಉಲ್ಟಾ ನಿಲ್ಲಸ್ತಾರ, ಎಫ್3ರಾಗ 12. ಅಂದ್ರ ಎಫ್3ರಾಗ 12ನೇದವ ಸ್ಪ್ರಿಂಟ್‌ನ್ಯಾಗ ಮೊದಲ ಸಾಲಿನ್ಯಾಗ. ಎಫ್2 ಸ್ಪ್ರಿಂಟ್ ಗೆದ್ರ 10 ಅಂಕ, ಫೀಚರ್ ಗೆದ್ರ 25, ಪೋಲ್‌ಗ (ಕ್ವಾಲಿಫೈಯಿಂಗ್‌ನ್ಯಾಗ ಮೊದಲ ಸ್ಥಾನಕ್ಕ) 2. ಇವು ಸರಣಿಯೊಳಗಿನ ಅಂಕ, ಲೈಸೆನ್ಸಿನವಲ್ಲ. ಕ್ವಾಲಿಫೈಯಿಂಗ್ ಸರಾಸರಿ ಮತ್ತ ಫೀಚರ್ ಫಲಿತಾಂಶ, ಇವೆರಡೇ ನಂಬಿಕಿಗೆ ಯೋಗ್ಯ. ಲಿಯೊನಾರ್ಡೊ ಫೊರ್ನರೋಲಿ 2024ರಾಗ ಒಂದೂ ರೇಸ್ ಗೆಲ್ಲದ ಎಫ್3 ಚಾಂಪಿಯನ್ ಆದ. ಮಂದಿ ನಕ್ಕರು. 2025ರಾಗ ಎಫ್2 ಪಟ್ಟನೂ ಅಂವನೇ ಒಯ್ದ.

ಆಮ್ಯಾಲ ಅದೇ ತಂಡದ ಜೋಡಿದಾರನ ಜೋಡಿ ಹೋಲಸ್ರಿ, ಎಷ್ಟನೇ ವರ್ಷ ಅಂತನೂ ನೋಡ್ರಿ. ಮೂರನೇ ವರ್ಷದಾಗ ಗೆದ್ದ ಪಟ್ಟಕ್ಕಿಂತ ಮೊದಲ ವರ್ಷದ ಐದನೇ ಸ್ಥಾನ ದೊಡ್ಡದು. ಲೆಕ್ಲರ್ಕ್, ರಸೆಲ್, ಪಿಯಾಸ್ಟ್ರಿ, ಬೊರ್ಟೊಲೆಟೊ ನಾಕೂ ಮಂದಿ ಎಫ್2 ಗೆದ್ದದ್ದು ಮೊದಲ ವರ್ಷದಾಗೇ.

ನಮ್ಮವರ ಪೈಕಿ ಜೆಹಾನ್ ದಾರುವಾಲಾ 2019ರಾಗ ಎಫ್3 ಮೂರನೇ ಸ್ಥಾನ, ಆಮ್ಯಾಲ 2020ರಿಂದ 2023 ತನಕ ನಾಕು ಸೀಸನ್ ಎಫ್2. ರೇಸ್ ಗೆದ್ದ, ಸೀಟು ಬರಲಿಲ್ಲ. ಬೆಂಗಳೂರಿನ ಕುಶ್ ಮೈನಿ 2025ರಾಗ ಮೊನಾಕೊ ಸ್ಪ್ರಿಂಟ್ ಗೆದ್ದ. ಮೊನಾಕೊದಾಗ ಮುಂದ ದಾಟೋದು ಆಗದ ಮಾತು, ಆದ್ರ ಗ್ವಾಡಿ ಮುಟ್ಟದ ಕಡಿತನಕ ತಪ್ಪಿಲ್ಲದ ಓಡಸೋದೂ ಸಣ್ಣ ಮಾತಲ್ಲ. ನಾರಾಯಣ್ ಕಾರ್ತಿಕೇಯನ್ (2005), ಕರುಣ್ ಚಂಧೋಕ್ (2010) ಎಫ್1ಕ್ಕ ಹೋದದ್ದು ಈ 40 ಅಂಕದ ನಿಯಮ ಬರೋಕಿಂತ ಮೊದಲು. ಅವರ ದಾರಿ ಈಗಿನ ಹುಡುಗರಿಗೆ ನಕಾಶ ಆಗಂಗಿಲ್ಲ.

ಭೀಮಾತೀರ (ಯಾದಗಿರಿ):

13 ವರ್ಷದ ಹುಡುಗನ ಬಗ್ಗೆ.

ಎಫ್4ಗೆ ಕನಿಷ್ಠ 15 ವರ್ಷ. ಕೈಯಲ್ಲಿ ಎರಡು ವರ್ಷ ಇದೆ, ಅದನ್ನು ಕಾರ್ಟ್‌ನಲ್ಲೇ ಕಳೆಯಲಿ. ಹೈದರಾಬಾದ್, ಕೊಲ್ಹಾಪುರ, ಬೆಂಗಳೂರುಗಳಲ್ಲಿ ಕಾರ್ಟ್ ಟ್ರ್ಯಾಕ್ ಇವೆ. ಕಲಬುರಗಿಗೆ ಹತ್ತಿರ ಹೈದರಾಬಾದ್. ಆದರೆ ರಾಷ್ಟ್ರೀಯ ಮಟ್ಟದ ಸುತ್ತುಗಳು ನಡೆಯುವ ಟ್ರ್ಯಾಕ್‌ನಲ್ಲೇ ಹೆಚ್ಚು ದಿನ ಓಡಿಸಬೇಕು, ಬಾಡಿಗೆ ಕಾರ್ಟ್‌ನಲ್ಲಲ್ಲ. ಬಾಡಿಗೆಯದು ನಾಲ್ಕು ಸ್ಟ್ರೋಕ್, ಭಾರ, ಟೈರ್ ಗಟ್ಟಿ. ಅದರಲ್ಲಿ ಕಲಿತ ಬ್ರೇಕಿಂಗ್ ರೋಟಾಕ್ಸ್‌ಗೆ ಬಂದಾಗ ಅರ್ಧ ಮರೆಯಬೇಕಾಗುತ್ತದೆ.

ರೋಟಾಕ್ಸ್ ಎರಡು ಸ್ಟ್ರೋಕಿನದು, ಪೆಟ್ರೋಲಿಗೆ 2 ಪ್ರತಿಶತ ಆಯಿಲ್: 5 ಲೀಟರ್‌ಗೆ 100 ಮಿ.ಲೀ. ಕಣ್ಣಳತೆ ಬೇಡ, ಅಳೆದೇ ಹಾಕಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಗಾಳಿ ತೆಳುವಾಗಿರುತ್ತದೆ. ಜನವರಿಯ ಮುಂಜಾನೆ ಹೊಂದಿಸಿದ ಜೆಟ್ಟನ್ನೇ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು) ಬಿಟ್ಟರೆ ಎಂಜಿನ್ ಗೊರಗೊರ ಎನ್ನುತ್ತದೆ, ಪ್ಲಗ್ ಕಪ್ಪಾಗುತ್ತದೆ. ಹಾಗೆಂದು ಒಮ್ಮೆಲೇ ಮೂರು ನಂಬರ್ ಸಣ್ಣ ಜೆಟ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಒಂದೊಂದೇ ನಂಬರ್ ಇಳಿಸಿ, ಪ್ರತಿ ಸಲ ಪ್ಲಗ್ ಬಿಚ್ಚಿ ಬಣ್ಣ ನೋಡಿ.

ಸಾಮಾನಿನಲ್ಲಿ ಜಿಪುಣತನ ಎರಡು ಕಡೆ ಬೇಡ: ಹೆಲ್ಮೆಟ್ ಮತ್ತು ಪಕ್ಕೆಲುಬಿನ ಗಾರ್ಡ್. 15ರ ಒಳಗಿನವರಿಗೆ ಸ್ನೆಲ್ ಎಫ್ಐಎ ಸಿಎಂಆರ್ ಗುರುತಿನ ಹಗುರ ಹೆಲ್ಮೆಟ್ ಬರುತ್ತದೆ, ದೊಡ್ಡವರ ಹೆಲ್ಮೆಟ್ ಎಳೆ ಕುತ್ತಿಗೆಗೆ ಭಾರ. ಎಫ್4ಗೆ ಹೋಗುವಾಗ ಹ್ಯಾನ್ಸ್ (ಕುತ್ತಿಗೆ ಕಾಯುವ ಸಾಧನ) ಮತ್ತು ಬೆಂಕಿ ತಡೆಯುವ 8856-2018 ಗುರುತಿನ ಸೂಟ್ ಬೇಕು, ಕಾರ್ಟಿಂಗ್ ಸೂಟ್ ಅಲ್ಲಿ ನಡೆಯುವುದಿಲ್ಲ. ಬೆಳೆಯುವ ಹುಡುಗ, ಹಾಗಾಗಿ ಅದನ್ನು ಈಗಲೇ ಕೊಳ್ಳಬೇಡಿ.

ಕಾರ್ಟ್‌ನಿಂದ ಕಾರಿಗೆ ಬಂದಾಗ ಎಡವುವ ಜಾಗ ಒಂದೇ. ಕಾರ್ಟ್‌ಗೆ ಸಸ್ಪೆನ್ಶನ್ ಇಲ್ಲ, ಹಿಂದಿನ ಆಕ್ಸಲ್ ಗಟ್ಟಿ. ತಿರುವಿನಲ್ಲಿ ಒಳಗಿನ ಹಿಂದಿನ ಗಾಲಿ ಎತ್ತಲು ಸ್ಟೀರಿಂಗ್ ಜರ್ರನೆ ತಿರುಗಿಸಬೇಕು. ಎಫ್4ರಲ್ಲಿ ಹಾಗೆ ಮಾಡಿದರೆ ಮುಂದಿನ ಟೈರ್ ಜಾರುತ್ತದೆ, ಕಾಯುತ್ತದೆ, ಮೂರು ಸುತ್ತಿಗೆ ಸತ್ತುಹೋಗುತ್ತದೆ. ಜೂನಿಯರ್ ಕಾರ್ಟ್‌ನಲ್ಲಿ ಬ್ರೇಕ್ ಹಿಂದೆ ಮಾತ್ರ. ಎಫ್4ರಲ್ಲಿ ನಾಲ್ಕಕ್ಕೂ ಇದೆ, ಎಬಿಎಸ್ ಇಲ್ಲ. ಮೊದಲ ಒತ್ತು ಜೋರು, ವೇಗ ಇಳಿದಂತೆ ಕಾಲನ್ನು ನಿಧಾನ ಸಡಿಲಿಸುತ್ತ ತಿರುವಿನೊಳಗೆ ಹೋಗಬೇಕು. ಇದನ್ನು ಮನೆಯಲ್ಲೇ ಸಿಮ್ಯುಲೇಟರ್‌ನಲ್ಲಿ ಅರ್ಧ ಕಲಿಯಬಹುದು, ಆದರೆ ಪೆಡಲ್ ಒತ್ತಡ ಅಳೆಯುವ ಲೋಡ್ ಸೆಲ್ ಇರುವಂಥದ್ದೇ ಬೇಕು. ದೂರ ಅಳೆಯುವ ಅಗ್ಗದ ಪೆಡಲ್ ಕಾಲಿಗೆ ತಪ್ಪು ಕಲಿಸುತ್ತದೆ. ಸ್ಟೀರಿಂಗ್‌ಗೆ ಇಟ್ಟ ಹಣದಲ್ಲಿ ಸ್ವಲ್ಪ ಕಡಿದು ಪೆಡಲ್‌ಗೆ ಹಾಕಿ.

15ಕ್ಕೆ ಮೊದಲ ಸೀಸನ್ ಇಂಡಿಯನ್ ಎಫ್4. ಅಲ್ಲಿ ವಿದೇಶದಿಂದ ಬಂದವರಿಗೆ ಕ್ವಾಲಿಫೈಯಿಂಗ್‌ನಲ್ಲಿ ಅರ್ಧ ಸೆಕೆಂಡಿನ ಒಳಗೆ ಇದ್ದರೆ ಚಳಿಗಾಲದ ಯುಎಇ ಸರಣಿಗೆ ಹಣ ಹೊಂದಿಸಿ. ಒಂದೂವರೆ ಸೆಕೆಂಡ್ ಹಿಂದಿದ್ದರೆ ಇನ್ನೊಂದು ವರ್ಷ ಇಲ್ಲೇ. ಲೈಸೆನ್ಸ್ ಎಫ್ಎಂಎಸ್‌ಸಿಐನಿಂದ (ಭಾರತದ ಮೋಟರ್‌ಸ್ಪೋರ್ಟ್ ಸಂಸ್ಥೆ). ಹೊರದೇಶಕ್ಕೆ ಹೋಗುವಾಗ ಅವರ ಅನುಮತಿ ಬೇಕು, ವೈದ್ಯಕೀಯ ಪತ್ರ, ತಂದೆತಾಯಿಯ ಒಪ್ಪಿಗೆ ಪತ್ರಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಚೆನ್ನೈ ಟೆಸ್ಟ್‌ಗೆ ಬೆಂಗಳೂರು ಸುತ್ತಬೇಕಾಗಿಲ್ಲ, ಮುಂಬೈ ಚೆನ್ನೈ ರೈಲು ಮಾರ್ಗ ಕಲಬುರಗಿ, ಯಾದಗಿರಿ ಮೇಲೇ ಹೋಗುತ್ತದೆ.

ಹುಮನಾಬಾದ್ ನಾಕಾ:

ಒಂದು ಬಿಟ್ಟೀರಿ. 2023ರ ಫೆಬ್ರುವರಿಯಾಗ ಹೈದರಾಬಾದಿನ ಹುಸೇನ್ ಸಾಗರದ ದಂಡಿಗೆ ಫಾರ್ಮುಲಾ ಇ (ಬ್ಯಾಟರಿ ಕಾರಿನ ಸರಣಿ) ನಡೀತಲ್ಲ, ವೆರ್ನ್ ಗೆದ್ದದ್ದು, ಅದರ ಚಾಂಪಿಯನ್‌ಗನೂ 30 ಅಂಕ ಬರ್ತಾವ, ಎಫ್3 ಚಾಂಪಿಯನ್ನಿನಷ್ಟೇ. ಹಂಗಂತ ಅದನ್ನೂ ಏಣಿಗಿ ಹಚ್ಚಬ್ಯಾಡ್ರಿ, ಸೂಪರ್ ಫಾರ್ಮುಲಾ ಬಾಜೂಕ ಇಡ್ರಿ.

ಸೇಡಂ ರೋಡ್ (ಕಲಬುರಗಿ):

ಆಯ್ತ್ರಿ. ನಡುವ ಏಣಿ, ಎರಡೂ ಬಾಜೂಕ ಬ್ಯಾರೆ ದಾರಿ, ಎಫ್4 ಸಾಲು ಮೂರು ಭಾಗ. ಅಂಕದ ಕೋಷ್ಟಕ ಕೆಂಪು ಶಾಯಿಯೊಳಗ ಕೆಳಗ. ಹಳೀ ಪಟ್ಟಿಗಿ ಒಪ್ಪದ ಆ ಇಬ್ಬರು ಹುಡುಗರ ಕೈಲೇ ಬರಸ್ತೀನಿ.